ಊತ ಇಳಿಯುವ ಮಾತ್ರೆ ಕೇಳುವವರಿಗೆ

ಕೊಡಗಿನ ಸಿದ್ದಾಪುರದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಮೂಳೆ ಮುರಿದವರ ಮನೆಯಿಂದ ಯಾರಾದರೂ ಬಂದರೆ ಕೇಳುವುದು ಎರಡೇ. "ಅಕ್ಕಾ, ಊತ ಇಳಿಯುವ ಮಾತ್ರೆ ಕೊಡಿ." ಆಮೇಲೆ, "ಮೂಳೆ ಬೇಗ ಕೂಡೋ ಹಾಗೆ ಒಳ್ಳೆ ಕ್ಯಾಲ್ಸಿಯಂ ಕೊಡಿ." ಕರಿಮೆಣಸು ಕೊಯ್ಯುವ ತಿಂಗಳುಗಳಲ್ಲಿ ಇದು ಜಾಸ್ತಿ. ಬಿದಿರಿನ ಏಣಿಯನ್ನು ಸಿಲ್ವರ್ ಮರಕ್ಕೆ ಒರಗಿಸಿ ಹತ್ತುವ ಕೆಲಸ, ಕೆಳಗೆ ಇಳಿಜಾರು. ಬೀಳದೆ ಇರುವುದೇ ಆಶ್ಚರ್ಯ. ಮಳೆಗಾಲ ಬಂದರೆ ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಯುವ ಕೆಲಸ, ಮಾಡುವಾಗ ಬೀಳುವವರು ಬೇರೆ, ಅಂಗಳದ ಪಾಚಿಯಲ್ಲಿ ಜಾರುವ ಅಜ್ಜಿಯರು ಬೇರೆ.

ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. "ಶುಗರ್ ಎಷ್ಟಿದೆ?"

"ಕಾಲು ಮುರಿದದ್ದಕ್ಕೂ ಶುಗರ್‌ಗೂ ಎಂತ ಸಂಬಂಧ ಅಕ್ಕಾ?"

ಕೌಂಟರ್‌ನಲ್ಲಿ ನಿಂತು ಉತ್ತರ ಹೇಳುವಷ್ಟು ಪುರುಸೊತ್ತು ಅವರಿಗೂ ಇರುವುದಿಲ್ಲ, ನನಗೂ ಇರುವುದಿಲ್ಲ. ಹಿಂದೆ ಇನ್ನಿಬ್ಬರು ಚೀಟಿ ಹಿಡಿದು ನಿಂತಿರುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಐಸಿಎಂಆರ್‌ನ, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ದೊಡ್ಡ ಸಮೀಕ್ಷೆಯೊಂದರ ಲೆಕ್ಕ 2023ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಮಧುಮೇಹ ಇದೆ. ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿ ಇದ್ದಾರೆ. ಹಾಗಾಗಿ ಮೂಳೆ ಮುರಿದ ಮನೆಯಲ್ಲಿ ಶುಗರ್ ಕೂಡ ಇರುವುದು ಅಪರೂಪದ ಸಂಗತಿ ಏನಲ್ಲ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ನೆಲ್ಯಹುದಿಕೇರಿ ಕಡೆ ನಮ್ಮ ಮಾವನಿಗೆ ಸ್ವಲ್ಪ ತೋಟ ಇದೆ. ಮೆಣಸು ಕೊಯ್ಯಲು ಆಳು ಸಿಗಲಿಲ್ಲ ಅಂತ ತಾವೇ ಏಣಿ ಹತ್ತಿದರು. ತುಂಬಾ ಮೇಲಿಂದೇನೂ ಬೀಳಲಿಲ್ಲ. ಆದರೆ ಕಾಲು ಏಣಿಯ ಮೆಟ್ಟಿಲ ನಡುವೆ ಸಿಕ್ಕಿ ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿಯಿತು. ಏಣಿ ಜಾರಿತು ಅನ್ನುವುದು ಮಾವನ ವಾದ. ನನಗೆ ಬೇರೆ ಅನುಮಾನ ಇದೆ. ಶುಗರ್ ಬಂದ ಮೇಲೆ ಅವರು ಬೆಲ್ಲ ಬಿಟ್ಟು ಬರೀ ಕರಿ ಕಾಫಿ ಕುಡಿಯುತ್ತಾರೆ. ಅವತ್ತು ಗ್ಲಿಮಿಪಿರೈಡ್ ಅನ್ನುವ ಶುಗರ್ ಮಾತ್ರೆ ನುಂಗಿ, ಆ ಕಾಫಿ ಕುಡಿದು, ತಿಂಡಿ ತಿನ್ನದೆ ತೋಟಕ್ಕೆ ಹೋಗಿದ್ದರು. ಆ ಮಾತ್ರೆ ಹೊಟ್ಟೆ ಖಾಲಿ ಇದ್ದರೂ ಮೈಯೊಳಗೆ ಇನ್ಸುಲಿನ್ ಬಿಡುಗಡೆ ಮಾಡಿಸುತ್ತದೆ. ಶುಗರ್ ತೀರಾ ಇಳಿದರೆ ಕೈ ನಡುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಏಣಿಯ ಮೇಲೆ ಅದು ಬಂದರೆ ಕೇಳಬೇಕಾ? ಈ ವಾದ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.

ಮಾಲ್ದಾರೆ, ಪಿರಿಯಾಪಟ್ಟಣದ ದಾರಿಯಾಗಿ ಮೈಸೂರಿಗೆ ಕರೆದುಕೊಂಡು ಹೋದೆವು. ಆಪರೇಷನ್ ಮಾಡಿ ಮೂಳೆಯ ಒಳಗೆ ರಾಡ್ ಹಾಕಿದರು. ಆಸ್ಪತ್ರೆಗೆ ಸೇರಿಸಿದ ಹೊತ್ತಿಗೆ ಶುಗರ್ ಮುನ್ನೂರರ ಹತ್ತಿರ ಇತ್ತು. ಬಿದ್ದ ಪೆಟ್ಟಿಗೆ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳು ಏರುತ್ತವೆ. ಅವು ಶುಗರನ್ನೂ ಏರಿಸುತ್ತವೆ. ಇದು ಶುಗರ್ ಕಾಯಿಲೆ ಇಲ್ಲದವರಿಗೂ ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ಎಚ್‌ಬಿಎ1ಸಿ 9.2 ಬಂತು. ಅದು ಎರಡು ಮೂರು ತಿಂಗಳ ಶುಗರ್‌ನ ಸರಾಸರಿ ಹೇಳುವ ರಕ್ತ ಪರೀಕ್ಷೆ. ಅದಕ್ಕೆ ಏಣಿ ಕಾರಣ ಅಲ್ವಲ್ಲ. ಮಾವ ಸುಮ್ಮನೆ ಛಾವಣಿ ನೋಡುತ್ತಾ ಮಲಗಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂಳೆ ಮುರಿದ ಜಾಗದಲ್ಲಿ ಆಗುವುದೇನು?

ಮೂಳೆಯ ಜೊತೆ ಅದರ ಒಳಗಿನ, ಸುತ್ತಲಿನ ರಕ್ತನಾಳಗಳೂ ಹರಿಯುತ್ತವೆ. ರಕ್ತ ಸೋರಿ ಅಲ್ಲೇ ಹೆಪ್ಪುಗಟ್ಟುತ್ತದೆ. ಅಲ್ಲಿಗೆ ಮೊದಲು ಬರುವುದು ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು. ಅವುಗಳ ಹಿಂದೆಯೇ ಮ್ಯಾಕ್ರೋಫೇಜ್‌ಗಳು. ಸತ್ತ ಜೀವಕೋಶ, ಕಸ ಕಡ್ಡಿ ಎಲ್ಲ ತಿಂದು ಜಾಗ ಚೊಕ್ಕ ಮಾಡುತ್ತವೆ. ಜೊತೆಗೆ ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಅನ್ನುವ ಪ್ರೋಟೀನುಗಳನ್ನು ಬಿಡುತ್ತವೆ. ಇವು ಒಂದು ಜೀವಕೋಶ ಇನ್ನೊಂದಕ್ಕೆ ಕಳಿಸುವ ಸಂದೇಶಗಳು. ಈ ಸಂದೇಶ ಸಿಕ್ಕಿದ ಮೇಲೆ ಮೂಳೆ ಕಟ್ಟಬಲ್ಲ ಮೂಲ ಜೀವಕೋಶಗಳು ಅಲ್ಲಿಗೆ ಸೇರುತ್ತವೆ. ಹೊರಗಿನಿಂದ ನಮಗೆ ಕಾಣುವುದು ಕೆಂಪು, ಬಿಸಿ, ಊತ, ನೋವು. ಡಾಕ್ಟ್ರು ಉರಿಯೂತ ಅನ್ನುವುದು ಇದಕ್ಕೇ.

ಮೊದಲ ದಿನಗಳ ಈ ಗಲಾಟೆ ನಡೆಯದಿದ್ದರೆ ಮೂಳೆ ಕೂಡುವ ಕೆಲಸ ಸರಿಯಾಗಿ ಶುರುವೇ ಆಗುವುದಿಲ್ಲ. ಟಿಎನ್‌ಎಫ್ ಸಂದೇಶ ತಲುಪದ ಹಾಗೆ ಹುಟ್ಟಿಸಿದ ಇಲಿಗಳ ಮೇಲೆ ಇದನ್ನು ನೋಡಿದ್ದಾರೆ. ಅವುಗಳಲ್ಲಿ ಮೂಳೆ ಕೂಡುವುದು ವಾರಗಟ್ಟಲೆ ತಡವಾಯಿತು. ಹಾಗಾಗಿ ಮೊದಲ ಊತ ಕಂಡ ಕೂಡಲೇ ಅದನ್ನು ಮಾತ್ರೆಯಿಂದ ಓಡಿಸಬೇಕು ಅನ್ನುವ ಆತುರ ಬೇಡ. ಕಾಲನ್ನು ದಿಂಬಿನ ಮೇಲೆ ಎತ್ತಿಡುವುದು, ನೋವಿಗೆ ಡಾಕ್ಟ್ರು ಬರೆದ ಮಾತ್ರೆ ನುಂಗುವುದು, ಇಷ್ಟು ಸಾಕು. ಊತ ಒಂದೇ ಸಮನೆ ಬಿಗಿಯುತ್ತಾ ಹೋಗಿ ಬೆರಳು ತಣ್ಣಗಾದರೆ ಅಥವಾ ಜೋಮು ಹಿಡಿದರೆ ಮಾತ್ರ ಅದು ಬೇರೆ ವಿಷಯ. ಆಗ ತಕ್ಷಣ ಆಸ್ಪತ್ರೆಗೆ ಓಡಬೇಕು.

ಆರೋಗ್ಯವಂತರಲ್ಲಿ ಟಿಎನ್‌ಎಫ್ ಮೊದಲ ದಿನ ಏರಿ, ಕೆಲವೇ ದಿನದಲ್ಲಿ ಇಳಿಯುತ್ತದೆ. ಮ್ಯಾಕ್ರೋಫೇಜ್‌ಗಳೂ ತಮ್ಮ ವರಸೆ ಬದಲಿಸುತ್ತವೆ. ಮೊದಲು ಕಾದಾಡುತ್ತಿದ್ದವು ಆಮೇಲೆ ರಿಪೇರಿಗೆ ನಿಲ್ಲುತ್ತವೆ. ಮುಂದಿನ ಎರಡು ಮೂರು ವಾರಗಳಲ್ಲಿ ಮುರಿದ ತುದಿಗಳ ನಡುವೆ ಮೆತ್ತನೆಯ ಕಾರ್ಟಿಲೇಜ್ ಬೆಳೆಯುತ್ತದೆ. ಕಿವಿ ಮಡಚಿದಾಗ ಕೈಗೆ ಸಿಗುತ್ತದಲ್ಲ, ಆ ಜಾತಿಯದು. ಡಾಕ್ಟ್ರು ಎಕ್ಸ್-ರೇ ನೋಡಿ "ಕ್ಯಾಲಸ್ ಬಂದಿದೆಯಾ" ಅಂತ ಹುಡುಕುವುದು ಈ ಗಂಟು ಗಟ್ಟಿಯಾಗುತ್ತಾ ಬಂದಾಗ. ನಿಧಾನಕ್ಕೆ ಅದರಲ್ಲಿ ಸುಣ್ಣದ ಅಂಶ ಸೇರುತ್ತದೆ. ಆಸ್ಟಿಯೋಕ್ಲಾಸ್ಟ್ ಅನ್ನುವ ಜೀವಕೋಶಗಳು ಆ ಹಳೆ ಕಾರ್ಟಿಲೇಜನ್ನು ತಿನ್ನುತ್ತವೆ, ತಿಂದ ಜಾಗದಲ್ಲಿ ಹೊಸ ಮೂಳೆ ಬರುತ್ತದೆ. ಈ ಹೊತ್ತಿಗೆ ಟಿಎನ್‌ಎಫ್ ಇನ್ನೊಮ್ಮೆ ಏರುತ್ತದೆ. ಆಮೇಲೆ ತಿಂಗಳು, ವರ್ಷಗಟ್ಟಲೆ ಮೂಳೆ ತನ್ನ ಹಳೆ ಆಕಾರಕ್ಕೆ ಬರುತ್ತಾ ಇರುತ್ತದೆ. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಗೆ ಎಲ್ಲ ಸರಿ ಹೋದರೂ ನಾಲ್ಕು ತಿಂಗಳು, ಕೆಲವೊಮ್ಮೆ ಆರು ತಿಂಗಳು ಬೇಕು.

ಮನೆಗೆ ಸ್ಲ್ಯಾಬ್ ಹಾಕಿಸಿದವರಿಗೆ ಗೊತ್ತು, ಕಾಂಕ್ರೀಟ್ ಗಟ್ಟಿಯಾಗುವ ತನಕ ಕೆಳಗೆ ಸೆಂಟ್ರಿಂಗ್ ಇರಬೇಕು. ಆಳಿನವರು ಇನ್ನೊಂದು ಕಡೆಗೆ ಬೇಕು ಅಂತ ಮೊದಲೇ ಹಲಗೆ ಬಿಚ್ಚಿಕೊಂಡು ಹೋದರೆ ಏನಾಗುತ್ತದೆ? ಶುಗರ್ ಹತೋಟಿಯಲ್ಲಿ ಇಲ್ಲದವರ ಮೂಳೆಯಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ಅಲ್ಲಿ ಊತದ ಸಂದೇಶಗಳು ಇಳಿಯಬೇಕಾದ ಹೊತ್ತಿಗೆ ಇಳಿಯುವುದಿಲ್ಲ. ಟಿಎನ್‌ಎಫ್ ಎತ್ತರದಲ್ಲೇ ನಿಲ್ಲುತ್ತದೆ. ಕಾರ್ಟಿಲೇಜಿನ ಜೀವಕೋಶಗಳು ಅವಧಿಗೆ ಮೊದಲೇ ಸಾಯುತ್ತವೆ. ಆಸ್ಟಿಯೋಕ್ಲಾಸ್ಟ್‌ಗಳ ಸಂಖ್ಯೆ ಜಾಸ್ತಿಯಾಗಿ, ಹೊಸ ಮೂಳೆ ಬರುವ ಮುಂಚೆಯೇ ಕಾರ್ಟಿಲೇಜನ್ನು ತಿಂದು ಮುಗಿಸುತ್ತವೆ. ಉಳಿಯುವುದು ಸಣ್ಣ, ಬಲವಿಲ್ಲದ ಕ್ಯಾಲಸ್.

ಇದನ್ನು ಇಲಿಗಳಲ್ಲಿ ತೋರಿಸಿಕೊಟ್ಟವರು ಅಮೆರಿಕದ ಡೇನಾ ಗ್ರೇವ್ಸ್ ಮತ್ತು ಅವರ ಸಂಗಡಿಗರು. 2007 ಮತ್ತು 2009ರಲ್ಲಿ ಬಂದ ಅವರ ಲೇಖನಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ವಿಷಯ. ಮಧುಮೇಹ ಇರುವ ಇಲಿಗಳಿಗೆ ಇನ್ಸುಲಿನ್ ಕೊಟ್ಟು ಶುಗರ್ ಇಳಿಸಿದಾಗ ಕಾರ್ಟಿಲೇಜ್ ಬೇಗ ಕರಗುವುದು ತಪ್ಪಿತು. ಟಿಎನ್‌ಎಫ್ ತಡೆಯುವ ಔಷಧ ಕೊಟ್ಟಾಗಲೂ ಹಾನಿ ಕಮ್ಮಿಯಾಯಿತು. ಈ ಎರಡನೆಯದನ್ನು ಓದಿ ಯಾರೂ ನನ್ನ ಅಂಗಡಿಗೆ ಬರಬೇಡಿ. ಅದು ಮನುಷ್ಯರ ಮುರಿದ ಕಾಲಿಗೆ ಕೊಡುವ ಮದ್ದಲ್ಲ. ಇನ್ಸುಲಿನ್ ಮಾತ್ರ ನಮ್ಮ ಫ್ರಿಜ್‌ನಲ್ಲೇ ಇದೆ, ಅಲ್ವಾ?

ಇಲಿಯ ಮಾತು ಬಿಡಿ, ಮನುಷ್ಯರ ಕಥೆ ಹೇಳಿ ಅನ್ನುವವರಿಗೆ 1988ರ ಒಂದು ಅಧ್ಯಯನ ಇದೆ. ಮೂಳೆ ಮುರಿದು ತುಂಡುಗಳು ಜರುಗಿದ್ದ ಮಧುಮೇಹಿಗಳಲ್ಲಿ ಅದು ಕೂಡಲು ಸಾಮಾನ್ಯಕ್ಕಿಂತ ಸುಮಾರು ಶೇಕಡ 87ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಹೆಚ್ಚುಕಡಿಮೆ ಎರಡು ಪಟ್ಟು. ತೋಟದ ಕೆಲಸ ನಂಬಿದವರಿಗೆ ಇದರ ಅರ್ಥ ಬೇಗ ಗೊತ್ತಾಗುತ್ತದೆ. ಮೆಣಸಿನ ಕಾಲದಲ್ಲಿ ಬಿದ್ದವರು ಕಾಫಿ ಕೊಯ್ಲಿಗೂ ಎದ್ದಿರುವುದಿಲ್ಲ.

ಸಕ್ಕರೆಗೆ ಇಷ್ಟು ಶಕ್ತಿ ಎಲ್ಲಿಂದ ಬಂತು? ಕಾಫಿ ಬೀಜ ಹುರಿದಾಗ ಕಂದು ಬಣ್ಣ, ಆ ಘಮ ಬರುತ್ತದಲ್ಲ. ಅದರಲ್ಲಿ ದೊಡ್ಡ ಪಾಲು ಸಕ್ಕರೆ ಮತ್ತು ಪ್ರೋಟೀನಿನ ಅಂಶಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಬರುವುದು. ಫ್ರಾನ್ಸಿನ ವಿಜ್ಞಾನಿ ಮೇಲಾರ್ 1912ರಲ್ಲಿ ಇದನ್ನು ವಿವರಿಸಿದರು. ಇದೇ ಕ್ರಿಯೆ ನಮ್ಮ ಮೈಯ ಬಿಸಿಯಲ್ಲೂ ತೀರಾ ನಿಧಾನವಾಗಿ ನಡೆಯುತ್ತಿರುತ್ತದೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಷ್ಟೂ ಅಂಟುವುದು ಜಾಸ್ತಿ. ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಅಂತ ಅಳೆಯುವುದೇ ಎಚ್‌ಬಿಎ1ಸಿ. ಅದೇ ಥರ ಮೂಳೆಯಲ್ಲಿರುವ ಕೊಲ್ಯಾಜನ್ ಅನ್ನುವ ಪ್ರೋಟೀನಿಗೂ ಅಂಟುತ್ತದೆ. ಹಿಮೋಗ್ಲೋಬಿನ್ ಇರುವ ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ, ಹಾಗಾಗಿ ಅದು ಬದಲಾಗುತ್ತಾ ಇರುತ್ತದೆ. ಮೂಳೆಯ ಕೊಲ್ಯಾಜನ್ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಸಕ್ಕರೆ ಅಂಟಿಸಿಕೊಂಡು ಬಿರುಸಾಗುತ್ತದೆ, ಸ್ವಲ್ಪ ಬಾಗಿ ಪೆಟ್ಟು ತಡೆದುಕೊಳ್ಳುವ ಗುಣ ಹೋಗುತ್ತದೆ. ಈ ಅಂಟಿದ ವಸ್ತುಗಳು ಮ್ಯಾಕ್ರೋಫೇಜ್‌ಗಳನ್ನು ಮತ್ತೆ ಮತ್ತೆ ಕೆರಳಿಸುತ್ತವೆ. ಹಾಗಾಗಿಯೇ ಊತದ ಸಂದೇಶ ನಿಲ್ಲುವುದಿಲ್ಲ. ಇದರ ಜೊತೆ ಸಣ್ಣ ರಕ್ತನಾಳಗಳು ಕೆಡುತ್ತವೆ, ಮೂಳೆ ಆಗಬೇಕಾದ ಮೂಲ ಜೀವಕೋಶಗಳು ಕೊಬ್ಬಿನ ಜೀವಕೋಶ ಆಗುವ ಕಡೆಗೆ ವಾಲುತ್ತವೆ.

ಇಲ್ಲಿ ಇನ್ನೊಂದು ವಿಚಿತ್ರ ಇದೆ. ವಯಸ್ಸಾದ ಮೇಲೆ ಬರುವ ಎರಡನೇ ಬಗೆಯ ಮಧುಮೇಹದಲ್ಲಿ ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಸಾಮಾನ್ಯವಾಗಿ ಚೆನ್ನಾಗಿಯೇ ಬರುತ್ತದೆ. ಕೆಲವರಿಗೆ ಬೇರೆಯವರಿಗಿಂತ ಜಾಸ್ತಿಯೇ ಇರುತ್ತದೆ. ಆದರೂ ಮೂಳೆ ಮುರಿಯುವ ಸಾಧ್ಯತೆ ಅವರಿಗೇ ಹೆಚ್ಚು. ರಿಪೋರ್ಟ್ ತಂದು "ನೋಡಿ ಅಕ್ಕಾ, ಮೂಳೆ ಗಟ್ಟಿ ಇದೆ" ಅಂತ ಖುಷಿಪಡುವವರಿಗೆ ಇದನ್ನು ಹೇಳಲು ನನಗೆ ಬೇಜಾರು. ಆದರೂ ಹೇಳುತ್ತೇನೆ.

ಈಗ ನಮ್ಮ ಮಾವನ ಮಂಚದ ಕಡೆ ಬನ್ನಿ.

ನೋಡಲು ಬಂದವರೆಲ್ಲ ಏನಾದರೂ ತಂದರು. ಬ್ರೆಡ್ಡು, ಮಾಲ್ಟ್ ಪುಡಿ ಡಬ್ಬಿ, ಜೇನು, ಗ್ಲೂಕೋಸ್ ಪುಡಿ. ಗ್ಲೂಕೋಸ್ ಪುಡಿ! ಅತ್ತೆಗೆ ತಂದವರ ಮನಸ್ಸು ನೋಯಿಸಲು ಇಷ್ಟವಿಲ್ಲ, ಹಾಗಂತ ಎಸೆಯಲೂ ಮನಸ್ಸಿಲ್ಲ. ಆ ಡಬ್ಬಿಗಳೆಲ್ಲ ಪಕ್ಕದ ಲೈನ್ ಮನೆಯ ಮಕ್ಕಳಿಗೆ ಹೋದವು. ಗ್ಲೂಕೋಸ್ ಒಂದನ್ನು ನಾನೇ ಇಟ್ಟುಕೊಂಡೆ. ಇನ್ಸುಲಿನ್ ಚುಚ್ಚುವ ಮನೆಯಲ್ಲಿ ಶುಗರ್ ತೀರಾ ಇಳಿದಾಗ ಅದು ಕೈಗೆ ಸಿಗುವ ಹಾಗೆ ಇರಬೇಕು.

ಮೂಳೆ ಕೂಡಲಿ ಅಂತ ಕಾಲು ಸೂಪ್ ಕುದಿಸುವುದು ನಮ್ಮ ಕಡೆಯ ರೂಢಿ. ಕುಡಿಯಲಿ, ತಪ್ಪೇನಿಲ್ಲ, ಬೆಚ್ಚಗಿರುತ್ತದೆ. ಆದರೆ ಎಲುಬು ಕುದಿಸಿದ ನೀರಿನಲ್ಲಿ ಇಳಿಯುವ ಕ್ಯಾಲ್ಸಿಯಂ ತುಂಬಾ ಸ್ವಲ್ಪ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಅಕ್ಕಿಯಿಂದ ಮಾಡುವ ರೊಟ್ಟಿ, ಕಡಂಬುಟ್ಟು, ನೂಲ್‌ಪುಟ್ಟು ತಿಂದು ಬೆಳೆದ ಕೊಡಗಿನವರಿಗೆ ರಾಗಿ ಮುದ್ದೆ ನುಂಗು ಅಂದರೆ ಮೈಸೂರು ಕಡೆಯವರ ಮೇಲೆ ಸಿಟ್ಟು ಬರುತ್ತದೆ. ಮಾವ ಪಂದಿಕರಿ ಬಿಡಬೇಕಾ ಅಂತ ಡಾಕ್ಟ್ರನ್ನೇ ಕೇಳಿದರು. ಅವರು ನಕ್ಕು, "ಮಾಂಸದಿಂದ ಶುಗರ್ ಏರಲ್ಲ, ಅದರ ಜೊತೆ ಎಷ್ಟು ಕಡಂಬುಟ್ಟು ತಿಂತೀರಿ ಹೇಳಿ" ಅಂದರು. ಅತ್ತೆ ಲೆಕ್ಕ ಹೇಳಿದರು. ಮಾವನ ಮುಖ ನೋಡಬೇಕಿತ್ತು. ಕೊನೆಗೆ ಕೊಬ್ಬು ಕಮ್ಮಿ ಇರುವ ತುಂಡು, ಮೀನು, ಮೊಟ್ಟೆ, ಕಾಳು ಜಾಸ್ತಿ, ಪುಟ್ಟು ಕಮ್ಮಿ ಅಂತ ಒಪ್ಪಂದವಾಯಿತು. ಮೂಳೆ ಕಟ್ಟಲು ಪ್ರೋಟೀನ್ ಬೇಕೇ ಬೇಕು. ಶುಗರ್ ಇದೆ ಅಂತ ಮುರಿದ ಕಾಲಿನವರನ್ನು ಗಂಜಿಯಲ್ಲಿ ಇಡುವುದು ಎರಡು ಥರದಲ್ಲಿ ತಪ್ಪು. ಪ್ರೋಟೀನೂ ಸಿಗಲಿಲ್ಲ, ಗಂಜಿಯಿಂದ ಶುಗರೂ ಏರಿತು.

ಬೀಡಿ ಬಿಟ್ಟಿದ್ದಾರೆ ಅಂತ ಅತ್ತೆ ನಂಬಿದ್ದಾರೆ. ವಾಕರ್ ಹಿಡಿದು ನಡೆಯಲು ಶುರು ಮಾಡಿದ ಮೇಲೆ ಮಾವ ಕಾಫಿ ಕಣದ ಹಿಂದೆ ಯಾಕೆ ಹೋಗುತ್ತಿದ್ದರೋ ನನಗೆ ಗೊತ್ತಿಲ್ಲ ಅಂತ ಇಟ್ಟುಕೊಳ್ಳಿ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೊಗೆಯೊಂದೇ ಸಾಕು, ಮೂಳೆ ಕೂಡುವುದು ತಡವಾಗಲು. ಶುಗರ್ ಜೊತೆ ಸೇರಿದರೆ ಇನ್ನೂ ಕಷ್ಟ.

ಇನ್ಸುಲಿನ್ ಬಗ್ಗೆ ದೊಡ್ಡ ಜಗಳವೇ ನಡೆಯಿತು. ಆಸ್ಪತ್ರೆಯಲ್ಲಿ ಇದ್ದಾಗ ಸುಮ್ಮನೆ ಚುಚ್ಚಿಸಿಕೊಂಡರು. ಮನೆಗೆ ಬಂದ ಮೇಲೆ "ಒಮ್ಮೆ ಶುರು ಮಾಡಿದರೆ ಬಿಡಲಿಕ್ಕೆ ಆಗುವುದಿಲ್ಲವಂತೆ" ಅಂತ ಯಾರೋ ಹೇಳಿದ್ದನ್ನು ಹಿಡಿದುಕೊಂಡರು. ಹಾಗೇನಿಲ್ಲ. ಆಪರೇಷನ್, ಸೋಂಕು, ದೊಡ್ಡ ಪೆಟ್ಟು ಇಂಥ ಸಮಯದಲ್ಲಿ ಇನ್ಸುಲಿನ್ ಕೊಟ್ಟು, ಆಮೇಲೆ ತುಂಬಾ ಜನರನ್ನು ಮತ್ತೆ ಮಾತ್ರೆಗೇ ತರುತ್ತಾರೆ. "ನೀನು ಮೆಡಿಕಲ್‌ನವಳು, ನಿಂಗೆ ವ್ಯಾಪಾರ ಆಗ್ಬೇಕು" ಅಂದರು ನನಗೆ. ನಾನು ಅವರಿಗೆ ಇನ್ಸುಲಿನ್ ಬಿಟ್ಟಿಯೇ ಕೊಡುತ್ತಿದ್ದೆ, ಅದು ಬೇರೆ ಮಾತು.

ಜಗಳ ಮುಗಿದದ್ದು ಮೈಸೂರಿನಲ್ಲಿ. ಮರುಭೇಟಿಗೆ ಹೋದಾಗ ಮೂಳೆ ಡಾಕ್ಟ್ರು ಎಕ್ಸ್-ರೇ ಕವರ್ ತೆಗೆಯುವ ಮೊದಲೇ ಕೈ ಚಾಚಿ, "ಶುಗರ್ ಬುಕ್ ಎಲ್ಲಿ?" ಅಂತ ಕೇಳಿದರು. ಮಾವ ನನ್ನ ಕಡೆ ನೋಡಿದರು. ಬುಕ್ ನನ್ನ ಬ್ಯಾಗ್‌ನಲ್ಲಿ ಇತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯದು, ಊಟವಾಗಿ ಎರಡು ಗಂಟೆಯ ಮೇಲಿನದು, ಎರಡೂ ಬರೆದಿದ್ದೆ. ಡಾಕ್ಟ್ರು ಅದನ್ನು ಪುಟ ತಿರುಗಿಸಿ ನೋಡಿ, ಆಮೇಲೆ ಎಕ್ಸ್-ರೇ ಬೆಳಕಿಗೆ ಹಿಡಿದರು. ಕ್ಯಾಲಸ್ ತೆಳ್ಳಗಿತ್ತು. "ಈ ಪುಟಗಳು ಹೀಗಿದ್ದರೆ ಈ ಫೋಟೋ ಹೀಗೇ ಇರುತ್ತದೆ" ಅಂದರು, ಅಷ್ಟೇ. ಸೊಸೆ ಹೇಳಿದರೆ ವ್ಯಾಪಾರ, ಮೂಳೆ ಡಾಕ್ಟ್ರು ಹೇಳಿದರೆ ವೈದ್ಯ. ಇರಲಿ. ಮೂರು ತಿಂಗಳ ಮೇಲೆ ಮಾಡಿಸಿದ ಎಚ್‌ಬಿಎ1ಸಿ 7.4 ಬಂತು. ಕ್ಯಾಲಸ್ ಕೂಡ ಆ ಹೊತ್ತಿಗೆ ಎಕ್ಸ್-ರೇಯಲ್ಲಿ ನನ್ನಂಥವಳ ಕಣ್ಣಿಗೂ ಕಾಣುವಷ್ಟು ಆಗಿತ್ತು. ಪೂರ್ತಿ ಭಾರ ಹಾಕಿ ನಡೆಯಲು ಮಳೆಗಾಲ ಕಳೆದು ಕೈಲ್‌ಪೊಳ್ದ್ ಹಬ್ಬ ದಾಟಬೇಕಾಯಿತು.

ಎಚ್‌ಬಿಎ1ಸಿ ಬಗ್ಗೆ ಒಂದು ಎಚ್ಚರಿಕೆ. ಆಪರೇಷನ್ ಸಮಯದಲ್ಲಿ ರಕ್ತ ಕೊಟ್ಟಿದ್ದರೆ ಅದರ ನಂತರದ ಕೆಲವು ವಾರ ಈ ಟೆಸ್ಟ್ ಸರಿಯಾದ ಲೆಕ್ಕ ಕೊಡುವುದಿಲ್ಲ. ಬೇರೆಯವರ ರಕ್ತಕಣ ಬೆರೆತಿರುತ್ತದಲ್ಲ. ತುಂಬಾ ರಕ್ತ ಹೋಗಿ ಹೊಸ ಕಣಗಳು ಬರುತ್ತಿದ್ದರೂ ಹಾಗೇ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಷಯ ಮರೆಯಬಾರದು. ಬುಡಕಟ್ಟು ಹಾಡಿಗಳ ಜನರಲ್ಲಿ ಸಿಕಲ್ ಸೆಲ್ ಅನ್ನುವ ರಕ್ತಕಣದ ತೊಂದರೆ ಇರುವವರು ಇದ್ದಾರೆ. ಅದಕ್ಕಾಗಿಯೇ ಕೇಂದ್ರ ಸರ್ಕಾರ 2023ರಲ್ಲಿ ದೇಶದ ಬುಡಕಟ್ಟು ಪ್ರದೇಶಗಳಿಗೆ ಒಂದು ತಪಾಸಣಾ ಯೋಜನೆ ಶುರು ಮಾಡಿತು. ಸಿಕಲ್ ಸೆಲ್ ಕಾಯಿಲೆ ಇದ್ದವರ ರಕ್ತಕಣ ಬೇಗ ಸಾಯುತ್ತವೆ. ಸಕ್ಕರೆ ಅಂಟಲು ಸಮಯವೇ ಸಿಗುವುದಿಲ್ಲ. ರಿಪೋರ್ಟ್ ಚೆನ್ನಾಗಿ ಬರುತ್ತದೆ, ಶುಗರ್ ಮಾತ್ರ ಮೇಲೆಯೇ ಇರುತ್ತದೆ. ಅಂಥವರಿಗೆ ಬೆರಳು ಚುಚ್ಚಿ ದಿನದಿನದ ಶುಗರ್ ನೋಡುವುದೇ ನಂಬಿಕೆಯ ದಾರಿ.

ನಾಟಿ ಕಟ್ಟು ಕಟ್ಟಿಸುವವರ ಬಗ್ಗೆ ನನಗೆ ತಕರಾರು ಇರುವುದು ಒಂದೇ ಕಾರಣಕ್ಕೆ. ತುಂಬಾ ವರ್ಷದಿಂದ ಶುಗರ್ ಇರುವವರ ಕಾಲಿನಲ್ಲಿ ಸ್ಪರ್ಶ ಕಮ್ಮಿಯಾಗಿರುತ್ತದೆ. ಬಿದಿರಿನ ದಬ್ಬೆ ಇಟ್ಟು ಬಿಗಿದಾಗ ಬೇರೆಯವರಾದರೆ "ಅಯ್ಯೋ, ಸಡಿಲ ಮಾಡಿ" ಅಂತ ಕೂಗುತ್ತಾರೆ. ಇವರಿಗೆ ಗೊತ್ತೇ ಆಗುವುದಿಲ್ಲ. ಬಿಚ್ಚಿದಾಗ ಚರ್ಮ ಕಪ್ಪಾಗಿರುತ್ತದೆ. ಪ್ಲಾಸ್ಟರ್ ಹಾಕಿದರೂ ಇದೇ ಅಪಾಯ ಇದೆ. ಹಾಗಾಗಿ ದಿನಾ ಮನೆಯವರೇ ಬೆರಳುಗಳ ಬಣ್ಣ, ಬಿಸಿ ನೋಡಬೇಕು. ವಾಸನೆ ಬಂದರೆ ಕಾಯಬಾರದು.

ನನ್ನ ಕೌಂಟರ್‌ಗೆ ಸಂಬಂಧಪಟ್ಟ ಕೆಲವು ಮಾತು ಹೇಳಿಬಿಡುತ್ತೇನೆ. ಊತಕ್ಕೆ ಅಂತ ಕೆಲವು ಕಡೆ ಚೀಟಿ ಇಲ್ಲದೆ ಕೊಡುವ ಸಣ್ಣ ಸಣ್ಣ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಅಂತ ಹಿಂದೆ ಬರೆದಿರುತ್ತದೆ, ಓದಿ. ಊತ ಮಾಯವಾದ ಹಾಗೆ ಕಾಣುತ್ತದೆ, ಶುಗರ್ ಮಾತ್ರ ಮುಗಿಲಿಗೆ ಹೋಗುತ್ತದೆ, ಮೂಳೆಯೂ ಸೊರಗುತ್ತದೆ. ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಮೊದಲೇ ಶುಗರ್‌ನಿಂದ ಬಳಲಿದ ಕಿಡ್ನಿಗೆ ಪೆಟ್ಟು. ಪಯೋಗ್ಲಿಟಜೋನ್ ಅನ್ನುವ ಶುಗರ್ ಮಾತ್ರೆ ಹೆಂಗಸರಲ್ಲಿ ಮೂಳೆ ಮುರಿಯುವ ಸಾಧ್ಯತೆ ಹೆಚ್ಚಿಸುತ್ತದೆ ಅನ್ನುವುದು 2007ರಿಂದ ಗೊತ್ತಿರುವ ವಿಷಯ. ನಿಮ್ಮ ಚೀಟಿಯಲ್ಲಿ ಅದಿದ್ದು ಮೂಳೆ ಮುರಿದಿದ್ದರೆ ಡಾಕ್ಟ್ರಿಗೆ ನೆನಪಿಸಿ. ನೀವೇ ನಿಲ್ಲಿಸಬೇಡಿ. ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆ ಇದ್ದರೆ ಬೇಕು, ನಾನು ಮಾರುತ್ತೇನೆ ಕೂಡ. ಆದರೆ ಸೆಂಟ್ರಿಂಗ್ ನಿಲ್ಲದ ಕಡೆ ಸಿಮೆಂಟ್ ತಂದು ಸುರಿದರೆ ಪ್ರಯೋಜನ ಕಮ್ಮಿ.

ಮಳೆಗಾಲದಲ್ಲಿ ಕರೆಂಟ್ ಹೋಗಿ ದಿನಗಟ್ಟಲೆ ಬರದಿದ್ದರೆ ಇನ್ಸುಲಿನ್ ಹಾಳಾಯಿತು ಅಂತ ಎಸೆಯುವವರು ಇದ್ದಾರೆ. ಬೇಡ. ಬಳಸುತ್ತಿರುವ ಬಾಟಲಿ 25ರಿಂದ 30 ಡಿಗ್ರಿಯ ಒಳಗೆ ಸುಮಾರು ನಾಲ್ಕು ವಾರ ಇರುತ್ತದೆ. ಜುಲೈ ತಿಂಗಳ ಕೊಡಗಿನಲ್ಲಿ ಮೂವತ್ತು ಡಿಗ್ರಿ ಎಲ್ಲಿಂದ ತರುತ್ತೀರಿ? ಒಲೆಯ ಹತ್ತಿರ ಇಡಬೇಡಿ, ಫ್ರೀಜರ್‌ಗೆ ಹಾಕಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಮಾತ್ರ ಖಂಡಿತ ಎಸೆಯಬೇಕು.

ಕೊನೆಗೆ ಒಂದು ವಿಷಯ. ಇದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಬೀಳದೆಯೂ ಮೂಳೆ ಮುರಿಯುತ್ತದೆ. ಶುಗರ್‌ನಿಂದ ಪಾದದ ಸ್ಪರ್ಶ ಹೋದವರಿಗೆ ನಡೆಯುವಾಗಲೇ ಪಾದದ ಸಣ್ಣ ಮೂಳೆಗಳಲ್ಲಿ ಬಿರುಕು ಬೀಳುತ್ತದೆ. ನೋವು ಇಲ್ಲದ ಕಾರಣ ನಡೆಯುತ್ತಲೇ ಇರುತ್ತಾರೆ. ಅಲ್ಲಿ ಉರಿಯೂತ ಕೆರಳಿ ಮೂಳೆಯನ್ನೇ ಕರಗಿಸುತ್ತಾ ಹೋಗುತ್ತದೆ, ಪಾದದ ಕಮಾನು ಕುಸಿಯುತ್ತದೆ. ಇದಕ್ಕೆ ಶಾರ್ಕೋ ಪಾದ ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವೈದ್ಯ ಶಾರ್ಕೋ ಅವರ ಹೆಸರು. ಮಧುಮೇಹಕ್ಕೂ ಇದಕ್ಕೂ ಇರುವ ನಂಟು ಗೊತ್ತಾದದ್ದು 1936ರಲ್ಲಿ.

ಹತ್ತಿರದ ಎಸ್ಟೇಟಿನ ರೈಟರ್ ಒಬ್ಬರು ಗಮ್‌ಬೂಟ್ ಕಳಚಿ ಪಾದ ತೋರಿಸಿದರು. ಒಂದು ಪಾದ ಕೆಂಪಾಗಿ ಊದಿತ್ತು. ಜಿಗಣೆ ಕಚ್ಚಿ ವಿಷ ಆಗಿದೆ, ಆಂಟಿಬಯಾಟಿಕ್ ಕೊಡಿ ಅಂದರು. ಮುಟ್ಟಿದೆ. ಇನ್ನೊಂದು ಪಾದ ಮಳೆಗೆ ತಣ್ಣಗಿತ್ತು, ಇದು ಬಿಸಿ ಬಿಸಿ. ಗಾಯ ಇರಲಿಲ್ಲ, ಜ್ವರ ಇರಲಿಲ್ಲ, ಒತ್ತಿದರೆ ನೋವೂ ಇರಲಿಲ್ಲ. ಶುಗರ್ ಬಂದು ಎಷ್ಟೋ ವರ್ಷ ಆಗಿತ್ತು. ಮಾತ್ರೆ ಕೊಡಲಿಲ್ಲ, ಆಟೋ ಕರೆಸಿ ಆಸ್ಪತ್ರೆಗೆ ಕಳಿಸಿದೆ. ಅವರಿಗೆ ಸಿಟ್ಟು ಬಂತು. ಮೊದಲ ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ, ಎಂಆರ್‌ಐಯಲ್ಲಿ ಕಂಡಿತು. ಪಾದಕ್ಕೆ ಭಾರ ಬೀಳದ ಹಾಗೆ ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಇಟ್ಟರು. ಈಗ ವಿಶೇಷ ಚಪ್ಪಲಿ ಹಾಕಿಕೊಂಡು ಆಫೀಸಿನಲ್ಲಿ ಕೂತು ಕೆಲಸದವರ ಹಾಜರಿಯ ಚೆಕ್‌ರೋಲ್ ಬರೆಯುತ್ತಾರೆ. ಪಾದದ ಆಕಾರ ಉಳಿದಿದೆ.

ಶುಗರ್ ಇರುವವರು ಸಂಜೆ ಕಾಲು ತೊಳೆದ ಮೇಲೆ ಎರಡೂ ಪಾದ ಮುಟ್ಟಿ ನೋಡಿ. ಕೈಯಲ್ಲೂ ಸ್ಪರ್ಶ ಕಮ್ಮಿ ಇದ್ದರೆ ಮನೆಯವರ ಹತ್ತಿರ ಮುಟ್ಟಿಸಿ. ಒಂದು ಪಾದ ಇನ್ನೊಂದಕ್ಕಿಂತ ಬಿಸಿ ಇದ್ದರೆ, ನೋವು ಇಲ್ಲದಿದ್ದರೂ, ಆ ಕಾಲಿನ ಮೇಲೆ ಭಾರ ಹಾಕದೆ ಅದೇ ದಿನ ಡಾಕ್ಟ್ರಿಗೆ ತೋರಿಸಿ. ಶುಗರ್ ಎಷ್ಟು ವರ್ಷದಿಂದ ಇದೆ ಅಂತ ಮೊದಲು ಹೇಳಿ. ಎಕ್ಸ್-ರೇ ಸರಿ ಇದೆ ಅಂದರೂ "ಶಾರ್ಕೋ ಇರಬಹುದಾ?" ಅಂತ ಕೇಳಿಯೇ ಎದ್ದು ಬನ್ನಿ.